ಒಂದು ಕಣಕ್ಕೆ ಒಂದೇ ಪ್ರಶ್ನೆ

ಸುರೇಬಾನ
18 ಜೂನ್ 2024

ಫಿರದೋಸ್ ಅವರಿಗೆ ಪಾಂಡುರಂಗನ ನಮಸ್ಕಾರಗಳು.

ನಿಮಗೆ ನನ್ನ ಪರಿಚಯವಿಲ್ಲ. ಪುಣೆಯಲ್ಲಿ ನಿಮ್ಮ ಜೊತೆ ಸಂಶೋಧನೆ ಮಾಡುತ್ತಿದ್ದ ಕೌಶಿಕನ ತಂದೆ ನಾನು. ರಾಮದುರ್ಗ ತಾಲೂಕಿನ ಈ ಊರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ಕಳೆದ ತಿಂಗಳು ಅವನ ಬಟ್ಟೆ, ಪುಸ್ತಕಗಳ ಪಾರ್ಸೆಲ್ ಬಂತು. ಅದರ ಮೇಲೆ ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ನಿಮ್ಮ ಹೆಸರು, ಹಾಸ್ಟೆಲಿನ ವಿಳಾಸ ಇತ್ತು. ಲ್ಯಾಬಿನಲ್ಲಿ ದೊಡವಾಡದ ಹುಡುಗಿಯೊಬ್ಬಳಿದ್ದಾಳೆ ಎಂದು ಅವನು ಹಿಂದೊಮ್ಮೆ ಹೇಳಿದ್ದು ಆಗ ನೆನಪಾಯಿತು.

ಏಪ್ರಿಲ್ ಕೊನೆಗೆ ಕೌಶಿಕ ಒಂದು ಕೈಚೀಲ ಹಿಡಿದು ಮನೆಗೆ ಬಂದ. ರಜೆ ಇರಬೇಕು ಅಂದುಕೊಂಡೆವು. ರಜೆಯಲ್ಲ. ಹಿಂದಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾನೆ. ಫೋನ್ ಬಂದ್ ಮಾಡಿ ಇಟ್ಟಿದ್ದಾನೆ. ಯಾಕೋ ಎಂದು ಕೇಳಿದರೆ, "ನಾವು ಆರಿಸಿದ್ದ ತಪ್ಪು ಅದ" ಎಂದಷ್ಟೇ ಒಮ್ಮೆ ಅಂದ. ಏನು ಆರಿಸಿದ್ದು, ಯಾರು ಆರಿಸಿದ್ದು, ನನಗೆ ತಿಳಿಯಲಿಲ್ಲ. ನನ್ನ ಹೆಂಡತಿ ಸುಂದರಾಬಾಯಿ, "ಯಾವುದೋ ಹುಡುಗಿ ಸಂಬಂಧ ಇರಬೇಕ್ರಿ" ಎನ್ನುತ್ತಾಳೆ. ತಪ್ಪು ತಿಳಿಯಬೇಡಿ, ತಾಯಿಯ ಮನಸ್ಸು ಮೊದಲು ಅಲ್ಲಿಗೇ ಹೋಗುತ್ತದೆ.

ಅಲ್ಲಿ ಏನು ನಡೆಯಿತು ಎಂದು ತಿಳಿಸುತ್ತೀರಾ? ನಮ್ಮದು ಎರಡು ಕೋಣೆಯ ಮನೆ, ಫೋನಿನಲ್ಲಿ ಆಡಿದ್ದು ಅವನಿಗೆ ಕೇಳುತ್ತದೆ. ಅದಕ್ಕೇ ಈ ಕಾಗದ. ಉತ್ತರವನ್ನು ಅಂಗಡಿಯ ವಿಳಾಸಕ್ಕೆ ಬರೆಯಿರಿ.

ನಿಮ್ಮ ಉತ್ತರದ ದಾರಿ ನೋಡುವ,
ಪಾಂಡುರಂಗ


ಪುಣೆ
29 ಜೂನ್ 2024

ಪಾಂಡುರಂಗ ಕಾಕಾ ಅವರಿಗೆ ನಮಸ್ಕಾರ.

ಕಾಕಾ ಎಂದು ಕರೆಯಬಹುದಲ್ಲವೇ? ನಮ್ಮ ಕಡೆಯವರನ್ನು 'ಸರ್' ಎನ್ನಲು ನಾಲಿಗೆ ಬರುವುದಿಲ್ಲ.

ಕೌಶಿಕನಿಗೆ ಕೆಲಸದ ಒತ್ತಡ ಬಹಳವಾಗಿತ್ತು. ಕೆಲವು ತಿಂಗಳಿಂದ ನಿದ್ದೆ ಇರಲಿಲ್ಲ. ನಮ್ಮ ಗೈಡ್ ಸ್ವಲ್ಪ ದಿನ ಊರಿಗೆ ಹೋಗಿ ಬಾ ಎಂದರು. ಹುಡುಗಿಯ ವಿಷಯವಲ್ಲ ಎಂದು ಸುಂದರಾ ಕಾಕೂಗೆ ಹೇಳಿ. ಚೆನ್ನಾಗಿ ಊಟ ಮಾಡಲಿ, ವಿಶ್ರಾಂತಿ ತೆಗೆದುಕೊಳ್ಳಲಿ.

ಇತಿ,
ಫಿರದೋಸ್


ಸುರೇಬಾನ
20 ಜುಲೈ 2024

ಫಿರದೋಸ್‌ಗೆ,

ನಿಮ್ಮ ಕಾಗದ ಓದಿದೆ. ಅದು ಆಸ್ಪತ್ರೆಯವರು ಬರೆದು ಕೊಡುವ ಚೀಟಿಯ ಹಾಗಿತ್ತು. ಬೇಜಾರಿನಿಂದ ಹೇಳುತ್ತಿಲ್ಲ. ಆದರೆ ಅಷ್ಟರಿಂದ ನನಗೆ ಏನೂ ಸಿಗಲಿಲ್ಲ.

ಈಗ ಹೊಸದೊಂದು ಸುರುವಾಗಿದೆ. ನಮ್ಮ ಅಜ್ಜನ ಕಾಲದ ಕವಡೆಗಳು ದೇವರ ಕಟ್ಟೆಯ ಮೇಲೆ ಒಂದು ಬಟ್ಟಲಿನಲ್ಲಿದ್ದವು. ಅಜ್ಜ ಪಂಚಾಂಗ ನೋಡಿ ಹೇಳುವವರು. ನಾನು ಆ ವಿದ್ಯೆ ಕಲಿಯಲಿಲ್ಲ. ಕೌಶಿಕ ಅವನ್ನು ತೆಗೆದುಕೊಂಡು ಹಿತ್ತಲಿನ ಕಲ್ಲಿನ ಮೇಲೆ ಹಗಲೆಲ್ಲ ದಾಳದ ಹಾಗೆ ಒಗೆಯುತ್ತಾನೆ. ಒಗೆದು ನೋಡುತ್ತಾನೆ, ಮತ್ತೆ ಒಗೆಯುತ್ತಾನೆ. ಮೊದಲು ಆಟ ಎಂದುಕೊಂಡೆ. ಮೊನ್ನೆ ಸುಂದರಾ ಚಹಾ ಒಯ್ದು ಕೊಟ್ಟಳು. ಕವಡೆ ಒಗೆದು ನೋಡಿ, "ಬ್ಯಾಡ ಅಂತದ, ಒಯ್ಯಿ" ಎಂದ. ಊಟಕ್ಕೂ ಹಾಗೆಯೇ. ಎರಡು ದಿನ ಕವಡೆ ಬೇಡ ಎಂದಿತು, ಎರಡು ದಿನ ಅವನು ತಟ್ಟೆ ಮುಟ್ಟಲಿಲ್ಲ.

ಪಕ್ಕದ ಮನೆಯ ಶಟ್ಟೆವ್ವ ಬಂದು, "ಯಾರೋ ಮಾಟ ಮಾಡ್ಸ್ಯಾರ್ರೀ ವೈನಿ, ಸವದತ್ತಿ ಕಡೆ ಒಬ್ಬರು ತೆಗಿಯೋರು ಅದಾರ" ಎಂದು ಹೇಳಿ ಹೋಗಿದ್ದಾಳೆ. ಸುಂದರಾ ಹೊರಟು ನಿಂತಿದ್ದಾಳೆ. ತಡೆಯಲು ನನ್ನ ಕೈಯಲ್ಲಿ ಬೇರೊಂದು ಮಾತಾದರೂ ಬೇಕಲ್ಲ.

ಮಗಳ ವಯಸ್ಸಿನವಳು ನೀನು. ಈ ಸಲ ಖರೆ ಬರಿ.

ಪಾಂಡುರಂಗ


ಪುಣೆ
2 ಆಗಸ್ಟ್ 2024

ಕಾಕಾ,

ನಿಮ್ಮ ಕಾಗದ ಬಂತು. ಕವಡೆಯ ಮಾತು ಓದಿದಾಗ ನನಗೆ ಅರ್ಥವಾಯಿತು, ಅದಕ್ಕೇ ಹೆದರಿಕೆಯೂ ಆಯಿತು. ಮೊದಲು ನಮ್ಮ ಕೆಲಸ ಏನೆಂದು ಹೇಳಬೇಕು. ಅದಿಲ್ಲದೆ ಉಳಿದದ್ದು ತಿಳಿಯುವುದಿಲ್ಲ.

ನಾವು ಬೆಳಕನ್ನು ಒಂದೊಂದೇ ಕಣವಾಗಿ ಕಳಿಸುತ್ತೇವೆ. ಪ್ರತಿ ಕಣವೂ ಒಂದು ದಿಕ್ಕನ್ನು ಹೊತ್ತು ಬರುತ್ತದೆ. ಅಂಥ ಕಣಕ್ಕೆ ಕ್ಯೂಬಿಟ್ ಎನ್ನುತ್ತಾರೆ. ಅದರ ದಿಕ್ಕು ಯಾವುದೆಂದು ನೇರವಾಗಿ ನೋಡಲು ಬರುವುದಿಲ್ಲ. 'ನೆಟ್ಟಗಿದ್ದೀಯೋ, ಅಡ್ಡ ಇದ್ದೀಯೋ' ಎಂಬಂಥ ಒಂದು ಪ್ರಶ್ನೆ ಕೇಳಬಹುದು. ಎರಡರಲ್ಲಿ ಒಂದು ಉತ್ತರ ಬರುತ್ತದೆ. ಆದರೆ ಕೇಳಿದ ಗಳಿಗೆಯಲ್ಲೇ ಅದರ ಮೊದಲಿನ ದಿಕ್ಕು ಅಳಿಸಿಹೋಗುತ್ತದೆ. ಎರಡನೆಯ ಪ್ರಶ್ನೆ ಕೇಳಿ ಉಪಯೋಗವಿಲ್ಲ. ಒಂದು ಕಣಕ್ಕೆ ಒಂದೇ ಪ್ರಶ್ನೆ.

ಆದ್ದರಿಂದ ಒಂದೇ ಬಗೆಯಲ್ಲಿ ತಯಾರಾದ ಲಕ್ಷಾಂತರ ಕಣಗಳನ್ನು ಕಳಿಸಿ, ಇದಕ್ಕೆ ಈ ಪ್ರಶ್ನೆ, ಮುಂದಿನದಕ್ಕೆ ಆ ಪ್ರಶ್ನೆ ಎಂದು ಚೀಟಿ ಎತ್ತಿದ ಹಾಗೆ ಆರಿಸಿ ಕೇಳುತ್ತೇವೆ. ಚೀಟಿ ಎತ್ತುವುದಕ್ಕೂ ಒಂದು ಯಂತ್ರವಿದೆ. ಉತ್ತರಗಳನ್ನೆಲ್ಲ ಒಟ್ಟು ಸೇರಿಸಿದರೆ, ಯಾವುದೇ ಒಂದು ಪ್ರಶ್ನೆ ಕೊಡಲಾರದ ತಿಳಿವಳಿಕೆ ಸಿಗುತ್ತದೆ. ಬಹಳ ದೊಡ್ಡ ಉಪಕರಣ ಬೇಕಾಗುವ ಅಳತೆಯನ್ನು ನಾವು ಸಣ್ಣ ಉಪಕರಣದಲ್ಲೇ ಮಾಡಿದೆವು, ಅದೂ ಲೆಕ್ಕ ಹಾಕಿದ್ದಕ್ಕಿಂತ ನಿಖರವಾಗಿ. ಕೌಶಿಕ, ನಾನು, ಗೈಡ್ ಮೂವರ ಹೆಸರಿನಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಬಂಧ ಅಚ್ಚಾಯಿತು. ಎಲ್ಲರೂ ಹೊಗಳಿದರು.

ಆಮೇಲೆ ಕೌಶಿಕನಿಗೆ ಅನುಮಾನ ಬಂತು. ಚೀಟಿ ಎತ್ತುವ ಯಂತ್ರ, ಕಣ ಕಳಿಸುವ ಯಂತ್ರ ಎರಡಕ್ಕೂ ಒಂದೇ ಕಡೆಯಿಂದ ಕರೆಂಟು ಬರುತ್ತಿತ್ತು. ಕರೆಂಟು ಒಂಚೂರು ಏರಿಳಿದರೆ ಇತ್ತ ಕಣವೂ ಬದಲಾಗುತ್ತದೆ, ಅತ್ತ ಚೀಟಿಯೂ ವಾಲುತ್ತದೆ. ಯಾವ ಕಣ ಬರುತ್ತದೆಂದು ಚೀಟಿಗೆ ಮೊದಲೇ ಸುಳಿವು ಸಿಕ್ಕಂತೆ, ನಮ್ಮ ನಿಖರತೆಯೆಲ್ಲ ಆ ಸುಳಿವಿನದು ಎಂದು ವಾದಿಸಿದ. ಗೈಡ್ ಒಪ್ಪಲಿಲ್ಲ. ಅವನು ಬಿಡಲಿಲ್ಲ. ನಿದ್ದೆ ಬಿಟ್ಟ. ಕ್ಯಾಂಟೀನಿನಲ್ಲಿ ಯಾವ ಮೇಜಿಗೆ ಕೂರಬೇಕು ಎಂಬುದನ್ನೂ ನಾಣ್ಯ ಚಿಮ್ಮಿಸಿ ನೋಡತೊಡಗಿದ. "ನಾನಾಗಿ ಆರಿಸಿದ್ರ ಅದರಾಗ ಮೋಸ ಇರ್ತದ" ಎನ್ನುತ್ತಿದ್ದ. ಒಂದು ದಿನ ಎಲ್ಲರೂ ಸೇರಿದ ಸಭೆಯಲ್ಲಿ ಗೈಡ್, "ಉಪಕರಣ ಸರಿಯಾಗಿದೆ, ಕೆಟ್ಟಿರುವುದು ನಿನ್ನ ತಲೆ. ಮನೆಗೆ ಹೋಗು" ಎಂದುಬಿಟ್ಟರು. ಮರುದಿನ ಅವನ ಕೋಣೆ ಖಾಲಿ ಇತ್ತು.

ಕಾಕಾ, ಕವಡೆ ನೋಡಿ ಊಟ ಬಿಡುವುದು ವಿಜ್ಞಾನವಲ್ಲ, ಮಾಟವೂ ಅಲ್ಲ. ಕಾಯಿಲೆ. ಸವದತ್ತಿ ಕಡೆಗೆ ಒಯ್ಯಬೇಡಿ. ಧಾರವಾಡದಲ್ಲಿ ಮನೋವೈದ್ಯರಿದ್ದಾರೆ. ನನ್ನ ಅಕ್ಕ ತಬಸ್ಸುಮ್ ಅಲ್ಲಿ ನರ್ಸ್. ಅವಳ ನಂಬರು ಈ ಕಾಗದದ ಹಿಂದೆ ಬರೆದಿದ್ದೇನೆ. ದಯವಿಟ್ಟು ತಡ ಮಾಡಬೇಡಿ.

ಫಿರದೋಸ್


ಸುರೇಬಾನ
9 ಸೆಪ್ಟೆಂಬರ್ 2024

ಚಿ. ಫಿರದೋಸ್‌ಗೆ ಆಶೀರ್ವಾದಗಳು.

ಕರೆದುಕೊಂಡು ಹೋದೆವು. ಸುಲಭವಾಗಿ ಬರಲಿಲ್ಲ. ಕವಡೆ ಕೇಳುತ್ತೇನೆ ಎಂದ. ಕೇಳು ಎಂದೆ. ಬೇಡ ಎಂದಿತು. ಅವನ ತಾಯಿ ಹೊಸ್ತಿಲ ಮೇಲೆ ಕೂತು, "ನಾನೂ ಇನ್ನ ಮ್ಯಾಲೆ ಅದನ್ನ ಕೇಳೇ ಉಣ್ತೀನಿ ಹಂಗಾರ" ಎಂದು ಅಳತೊಡಗಿದಳು. ಅದನ್ನು ನೋಡಲಾರದೆ ಎದ್ದು ಬಂದ. ನಿನ್ನ ಅಕ್ಕ ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದಳು. ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ. ನಿದ್ದೆ ಬರುತ್ತಿದೆ. ಲ್ಯಾಬಿನ ಚಿಂತೆ ಸದ್ಯ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ ಎಂದಿದ್ದಾರೆ.

ನೀನು ಬರೆದದ್ದನ್ನು ನಾಲ್ಕಾರು ಸಲ ಓದಿದೆ. ನನ್ನ ರೀತಿಯಲ್ಲಿ ತಿಳಿದುಕೊಂಡೆ. ಬೀಜದ ಚೀಲ ಬಂದಾಗ ಒಂದು ಹಿಡಿ ತೆಗೆದು ಹಸಿ ಬಟ್ಟೆಯಲ್ಲಿಟ್ಟು ಎಷ್ಟು ಮೊಳೆಯುತ್ತವೆ ನೋಡುತ್ತೇವೆ. ಮೊಳೆಯಿಸಿ ನೋಡಿದ ಬೀಜವನ್ನು ಮತ್ತೆ ಮಾರಲು ಬರುವುದಿಲ್ಲ. ಚೀಲದ ಮೇಲೆ, ನಡುವೆ, ತಳಕ್ಕೆ, ಕೈ ಹೋದಲ್ಲಿಂದ ತೆಗೆಯಬೇಕು. ತೆಗೆಯುವವನ ಕೈ ತಾನಾಗಿಯೇ ಒಳ್ಳೆಯ ಬೀಜದ ಕಡೆ ಹೋಗುತ್ತಿದ್ದರೆ ಪರೀಕ್ಷೆ ಸುಳ್ಳಾಗುತ್ತದೆ. ಕೌಶಿಕ ಹೇಳುವುದು ಇದೇ ತಾನೇ?

ಹಾಗಿದ್ದರೆ ನನ್ನದೊಂದು ಪ್ರಶ್ನೆ. ಅವನು ಹೇಳಿದ್ದು ಖರೆಯೋ ಸುಳ್ಳೋ? ನಿಮ್ಮ ಗುರುಗಳ ಮಾತು ಬಿಡು. ನಿನಗೆ ಏನನ್ನಿಸುತ್ತದೆ?

ಪಾಂಡುರಂಗ ಕಾಕಾ


ಪುಣೆ
26 ನವೆಂಬರ್ 2024

ಕಾಕಾ,

ಇಷ್ಟು ತಿಂಗಳು ಬರೆಯಲಿಲ್ಲ. ಅನ್ನಿಸುವುದನ್ನು ಬರೆದು ಏನು ಮಾಡಲಿ, ನೋಡಿಯೇ ಬರೆಯೋಣ ಎಂದುಕೊಂಡೆ.

ಗೈಡ್‌ಗೆ ಬೇರೆ ಕೆಲಸದ ಹೆಸರು ಹೇಳಿ ಉಪಕರಣದ ಸಮಯ ಪಡೆದೆ. ಚೀಟಿಯ ಯಂತ್ರಕ್ಕೆ ಬೇರೆ ಕರೆಂಟು ಕೊಟ್ಟೆ. ಉಳಿದದ್ದೆಲ್ಲ ಮೊದಲಿನ ಹಾಗೆಯೇ. ಮತ್ತೆ ಅಳೆದೆ. ನಮ್ಮ ಹೆಮ್ಮೆಯ ನಿಖರತೆ ಇಲ್ಲವಾಯಿತು. ಹಳೆಯ ತಂತಿಯನ್ನೇ ಮತ್ತೆ ಹಾಕಿದೆ, ಮರಳಿ ಬಂತು. ಬೇರೆ ಮಾಡಿದೆ, ಹೋಯಿತು.

ನಿಮ್ಮ ಮಗ ಹೇಳಿದ್ದು ಖರೆ.

ಗೈಡ್ ಬಳಿ ಹೋದೆ. ಅವರು ಅಂಕಿಗಳನ್ನು ನೋಡಿದರು, ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ, "ಏಪ್ರಿಲಿಗೆ ನಿನ್ನ ಥೀಸಿಸ್ ಕೊಡಬೇಕು. ಕೊಟ್ಟು ಪದವಿ ತೆಗೆದುಕೊಂಡು ಹೋಗು. ಆಮೇಲೆ ತಿದ್ದುಪಡಿಯ ವಿಚಾರ ಮಾಡೋಣ" ಎಂದರು. ನನ್ನ ಥೀಸಿಸ್ ನಿಂತಿರುವುದೇ ಆ ಪ್ರಬಂಧದ ಮೇಲೆ. ತಪ್ಪು ಎಂದು ಗೊತ್ತಿದ್ದದ್ದನ್ನು ನನ್ನ ಹೆಸರಿನಲ್ಲಿ ಹೇಗೆ ಕೊಡಲಿ? ಮನೆಯಲ್ಲಿ ಅಮ್ಮಿ ಜುಬೇದಾಬಿ ಈಗಾಗಲೇ ಓಣಿಯವರಿಗೆಲ್ಲ 'ನಮ್ಮ ಫಿರದೋಸ್ ಡಾಕ್ಟರ್ ಆಗ್ತಾಳ' ಎಂದು ಹೇಳಿಟ್ಟಿದ್ದಾರೆ.

ಪ್ರಬಂಧ ತಪ್ಪೆಂದು ಆ ಪತ್ರಿಕೆಗೆ ಬರೆಯುತ್ತೇನೆ. ಮೂವರಲ್ಲಿ ನಾನೊಬ್ಬಳೇ ಬರೆದರೆ ಅದನ್ನು ಜಗಳವೆಂದು ಬದಿಗಿಡುತ್ತಾರೆ. ಕೌಶಿಕನ ಒಪ್ಪಿಗೆ ಇದ್ದರೆ ಬೇರೆ. ಜನವರಿ ಮುಗಿಯುವುದರೊಳಗೆ ಅವನು ಎರಡು ಸಾಲು ಕಳಿಸಿದರೆ ಸಾಕು. ದಯವಿಟ್ಟು ಅವನಿಗೆ ಹೇಳಿ. ಮೊದಲು, ಅವನು ಹೇಳಿದ್ದು ಸರಿ ಎಂಬುದನ್ನು ಹೇಳಿ.

ಫಿರದೋಸ್


ಸುರೇಬಾನ
10 ಡಿಸೆಂಬರ್ 2024

ಚಿ. ಫಿರದೋಸ್‌ಗೆ,

ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಕಾಗದ ಒಡೆದೆ. ಕಣ್ಣಲ್ಲಿ ನೀರು ಬಂತು. ಗೊಬ್ಬರದ ಧೂಳು ಎಂದೆ.

ಆದರೆ ತಂಗಿ, ನಾನು ಅವನಿಗೆ ಹೇಳಲಾರೆ. ಈಗ ಎರಡು ಹೊತ್ತು ಉಣ್ಣುತ್ತಾನೆ. ಕವಡೆ ಮುಟ್ಟಿಲ್ಲ. ಸಂಜೆ ಹೊಳೆಯ ತನಕ ನಡೆದು ಬರುತ್ತಾನೆ. ಮೊನ್ನೆ ತಾಯಿಯ ಜೊತೆ ಕೂತು ಅವರೆಕಾಯಿ ಸುಲಿದ. ನಿನಗೆ ಇದು ಸಣ್ಣದು ಅನ್ನಿಸಬಹುದು. ಲ್ಯಾಬಿನ ಹೆಸರೆತ್ತಿದರೆ ಎಲ್ಲಿ ಮತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತಾನೋ ಎಂದು ನನ್ನ ಜೀವ ಹಾರುತ್ತದೆ. ಸುಂದರಾಗೂ ಹೇಳಿಲ್ಲ. ಅವಳ ಬಾಯಲ್ಲಿ ನಿಲ್ಲುವುದಿಲ್ಲ.

ನೀನು ನಿನ್ನ ಗುರುಗಳು ಹೇಳಿದ ಹಾಗೆ ಮಾಡು. ಪದವಿ ತಗೋ. ಬೆಳಕಿನ ಕಣದ ಅಳತೆ ಒಂದು ವರ್ಷ ತಪ್ಪಾಗಿ ಉಳಿದರೆ ಯಾರ ಮನೆಯ ಒಲೆ ಆರುತ್ತದೆ?

ನನ್ನನ್ನು ಕ್ಷಮಿಸು.
ಪಾಂಡುರಂಗ


ಪುಣೆ
20 ಡಿಸೆಂಬರ್ 2024

ಕಾಕಾ,

ಎಲ್ಲರೆದುರು ಗೈಡ್ ಅವನನ್ನು ಹುಚ್ಚ ಎಂದಿದ್ದಾರೆ. ಆ ಮಾತು ಸುಳ್ಳೆಂದು ನಿಮಗೆ ಗೊತ್ತು, ನನಗೆ ಗೊತ್ತು, ಹೇಳಿದವರಿಗೂ ಗೊತ್ತು. ಗೊತ್ತಿಲ್ಲದವನು ಅವನೊಬ್ಬನೇ.

ಗುಳಿಗೆ ನಿದ್ದೆ ಕೊಡುತ್ತದೆ. ಎದ್ದ ಮೇಲೆ ಅವನು ಏನಂದುಕೊಂಡು ಕೂತಿರುತ್ತಾನೆ?

ಫಿರದೋಸ್


ದೊಡವಾಡ
14 ಜನವರಿ 2025

ಪಾಂಡುರಂಗ ಕಾಕಾ ಅವರಿಗೆ,

ಮೊನ್ನೆ ಹೇಳದೆ ಬಂದೆ, ತಪ್ಪಾಯಿತು. ಹೇಳಿದ್ದರೆ ಬೇಡ ಎನ್ನುತ್ತಿದ್ದಿರಿ. ಅದಕ್ಕೂ ಮೊದಲು ತಬಸ್ಸುಮ್ ಅಕ್ಕನ ಮೂಲಕ ಡಾಕ್ಟರನ್ನು ಕೇಳಿಸಿದ್ದೆ. 'ಖರೆ ಸಂಗತಿ ಹೇಳಬಹುದು, ಆದರೆ ಅವನ ಹತ್ತಿರ ಕೂತು ಹೇಳಿ, ಹೇಳಿ ಓಡಿಹೋಗಬೇಡಿ' ಎಂದಿದ್ದರು. ಅಬ್ಬಾನ ಜೊತೆ ಬೈಲಹೊಂಗಲ, ರಾಮದುರ್ಗ ಎರಡು ಕಡೆ ಬಸ್ಸು ಬದಲಿಸಿ ಬರುವಷ್ಟರಲ್ಲಿ ನನ್ನ ಧೈರ್ಯ ಅರ್ಧ ಆಗಿತ್ತು. ನೀವು ನನ್ನನ್ನು ನೋಡಿ ತಕ್ಕಡಿ ಕೈಯಲ್ಲೇ ಹಿಡಿದು ನಿಂತಿರಿ. ಕಾಕೂ ಮಾತ್ರ, "ಬಾರವ್ವಾ, ಒಳಗ ಬಾ, ಕೈಕಾಲು ತೊಳ್ಕೊ" ಎಂದರು.

ನೀವು ಅಬ್ಬಾನ ಜೊತೆ ಅಂಗಡಿಯಲ್ಲೇ ಉಳಿದಿರಿ. ಹಿತ್ತಲಲ್ಲಿ ಏನು ಮಾತಾಯಿತು ಎಂದು ಹೊರಡುವಾಗ ಕೇಳಿದಿರಿ. ಬಸ್ಸು ಬಂತು. ಈಗ ಹೇಳುತ್ತೇನೆ.

ಕೌಶಿಕ ತೆಳ್ಳಗಾಗಿದ್ದಾನೆ. "ಯಾಕ ಬಂದಿ?" ಎಂದ.

"ನಿನ್ನ ಮಾತು ಖರೆ ಐತಿ ಅಂತ ಹೇಳಾಕ ಬಂದೇನಿ" ಎಂದೆ.

ತುಳಸಿಕಟ್ಟೆಯ ಮೇಲಿನ ಒಣಗಿದ ಎಲೆ ಆರಿಸುತ್ತ ಕೂತ. ಆಮೇಲೆ ಒಂದೊಂದಾಗಿ ಕೇಳಿದ.

"ಕರೆಂಟು ಬ್ಯಾರೆ ಮಾಡಿದ್ಯಾ?"

"ಮಾಡಿದೆ."

"ಹಳೇದನ್ನ ತಿರುಗಿ ಹಾಕಿ ನೋಡಿದ್ಯಾ?"

"ನೋಡಿದೆ. ಹಾಕಿದ್ರ ಬರತೈತಿ, ತಗದ್ರ ಹೋಗತೈತಿ."

"ಹಂಗಾರ ನನ್ನ ತಲಿ ಕೆಟ್ಟಿಲ್ಲ" ಎಂದು ಮುಖ ಮುಚ್ಚಿಕೊಂಡ.

ಹೌದು ಎಂದುಬಿಡುವುದು ಸುಲಭವಿತ್ತು. ಆದರೆ ಮತ್ತೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಲೆಕ್ಕ ಸರಿ ಇತ್ತು, ಅದು ಖರೆ. ನಿನಗ ಆರಾಮಿಲ್ಲ, ಅದೂ ಖರೆ. ಗುಳಿಗಿ ಬಿಡಬ್ಯಾಡ" ಎಂದೆ. ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ತಲೆಯಾಡಿಸಿದ. ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು ಕಾಕಾ.

ಆಮೇಲೆ, ನನಗಿದು ಯಾವಾಗ ಗೊತ್ತಾಯಿತು ಎಂದು ಕೇಳಿದ. ನವೆಂಬರ್ ಎಂದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದ. ನಿಮ್ಮ ಹೆಸರು ಹೇಳಬಾರದೆಂದೇ ಬಂದಿದ್ದೆ. ಆದರೆ ಅವನು ನನ್ನ ಮುಖವನ್ನೇ ನೋಡುತ್ತಿದ್ದ. "ಕಾಕಾಗ ಆಗನ ಕಾಗದ ಬರದಿದ್ದೆ" ಎಂದೆ. ಅವನು ಅಂಗಡಿಯ ಕಡೆ ತಿರುಗಿ ನೋಡಿದ. ಆ ನೋಟ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎದ್ದು ಒಳಗೆ ಹೋಗಿ ಫೋನ್ ತಂದ. ಚಾರ್ಜು ಇರಲಿಲ್ಲ. ಚಾರ್ಜಿಗಿಟ್ಟು, ಅದು ಚಾಲೂ ಆಗುವ ತನಕ ಕಾದೆವು. ಆಮೇಲೆ ನನ್ನೆದುರೇ ಪತ್ರಿಕೆಗೆ ತನ್ನ ಒಪ್ಪಿಗೆ ಕಳಿಸಿದ.

ನಿಮ್ಮ ಮನೆಯಲ್ಲಿ ನಿಮಗೇ ಕಷ್ಟ ತಂದಿಟ್ಟೆ. ಬೈಯಿರಿ, ಕೇಳಿಸಿಕೊಳ್ಳುತ್ತೇನೆ.

ನಿಮ್ಮ ಮಗಳಂಥವಳು,
ಫಿರದೋಸ್


ಸುರೇಬಾನ
23 ಮಾರ್ಚ್ 2025

ಮಗಳೇ ಫಿರದೋಸ್,

ತಿದ್ದುಪಡಿ ಅಚ್ಚಾದ ಸುದ್ದಿ ಬಂತು. ಕೌಶಿಕ ಅದನ್ನು ಫೋನಿನಲ್ಲಿ ತಾಯಿಗೆ ತೋರಿಸಿದ್ದಾನೆ. ಮೊದಲಿನ ಫಲಿತಾಂಶ ನಿಲ್ಲುವುದಿಲ್ಲ ಎಂದು ನಿಮ್ಮಿಬ್ಬರ ಹೆಸರಿನಲ್ಲಿ ಬಂದಿದೆಯಂತೆ. ಗುರುಗಳು ತಮ್ಮ ಹೆಸರು ಹಾಕಲು ಒಪ್ಪಲಿಲ್ಲವಂತೆ. ನೀನು ಬೇರೆ ಗೈಡ್ ಹುಡುಕಿಕೊಂಡು ಮತ್ತೊಂದು ವರ್ಷ ದುಡಿಯಬೇಕು ಎಂದು ತಬಸ್ಸುಮ್ ಹೇಳಿದಳು. ನಿನ್ನ ತಾಯಿಗೆ ಹೇಗೆ ಹೇಳಿದೆಯೋ. ನಿನ್ನ ಅಬ್ಬಾ ಬುಡನಸಾಬರು ಫೋನ್ ಮಾಡಿದ್ದರು. ಆ ಮಾತು ತೆಗೆಯಲಿಲ್ಲ. "ಈ ಸಲ ಗೋಧಿ ಹೆಂಗೈತ್ರಿ ನಿಮ್ಮ ಕಡೆ" ಎಂದು ಕೇಳಿದರು. ಸ್ವಲ್ಪ ಹೊತ್ತು ಗೋಧಿಯದೇ ಮಾತಾಡಿದೆವು.

ನಿನ್ನನ್ನು ಬೈಯಲು ನನಗೆ ಬಾಯಿಲ್ಲ. ನೀನು ಹೋದಂದಿನಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದ. ಬೇಕಾದದ್ದನ್ನು ತಾಯಿಗೆ, 'ಅಪ್ಪಗ ಹೇಳು' ಎನ್ನುತ್ತಿದ್ದ. ಗುಳಿಗೆ ಬಿಡಲಿಲ್ಲ. ಧಾರವಾಡಕ್ಕೂ ಒಬ್ಬನೇ ಹೋಗಿ ಬಂದ. ಗೋಡೆಯ ಕಡೆ ತಿರುಗಿ ಮಲಗುತ್ತಾನೆ ಎಂದು ಹೆದರಿದ್ದೆನಲ್ಲ, ಅವನು ತಿರುಗಿದ್ದು ನನ್ನಿಂದ. ತಿಂಗಳುಗಟ್ಟಲೆ ಒಂದೇ ತೊಲೆಯ ಕೆಳಗೆ ಹಾಗಿರುವುದು ಎಂಥದ್ದೆಂದು ಬರೆಯಲಾರೆ. ಸುಂದರಾ ಒಂದು ದಿನ, "ನನ್ನಿಂದನೂ ಮುಚ್ಚಿಟ್ರಲ್ಲ" ಎಂದಳು.

ನಿನ್ನೆ ಮಧ್ಯಾಹ್ನ ಬಿಸಿಲಿಗೆ ಬೀದಿಯಲ್ಲಿ ಯಾರೂ ಇರಲಿಲ್ಲ. ಕೌಶಿಕ ಅಂಗಡಿಗೆ ಬಂದು ಮೆಕ್ಕೆಜೋಳದ ಚೀಲದ ಮೇಲೆ ಕೂತ.

"ನಿನಗ ನವೆಂಬರದಾಗನ ಗೊತ್ತಿತ್ತು" ಎಂದ.

"ಗೊತ್ತಿತ್ತು."

"ಹೇಳಲ್ಯೋ ಬ್ಯಾಡೋ ಅಂತ ನನ್ನರೆ ಒಂದು ಮಾತು ಕೇಳಬೇಕಿತ್ತಲ್ಲಪ್ಪಾ. ನಾ ದಿನಾ ಹೊಳಿ ದಂಡಿಗೆ ಹೋಗ್ತಿದ್ದೆ. ಖರೇನ ಹುಚ್ಚ ಆಗೀನಿ ಅಂತ ತಿಳಕೊಂಡ ಹೋಗ್ತಿದ್ದೆ."

ನಾನು ಅವನ ನಡಿಗೆಯನ್ನು ನೋಡಿ ಸಂತೋಷಪಟ್ಟು ನಿನಗೆ ಬರೆದಿದ್ದೆ. ಹೊಳೆಯ ದಂಡೆಯಲ್ಲಿ ಅವನು ಏನು ಯೋಚಿಸುತ್ತ ನಿಂತಿರುತ್ತಿದ್ದ ಎಂಬುದು ಆಗ ನನ್ನ ಎದೆಗೆ ಬಂದು ಬಡಿಯಿತು. ಕೈಯಲ್ಲಿದ್ದ ಪೊಟ್ಟಣವನ್ನು ಕೆಳಗಿಟ್ಟೆ.

"ಹೆದರಿದ್ದೆನೋ" ಎಂದೆ. "ಕೇಳಿದ್ರ ನಿನಗೇನಾಗ್ತದೋ ಅಂತ ಹೆದರಿದ್ದೆ. ಈಗೂ ಹೆದರಿಕಿನ ಅದ."

ಅವನು ಎದ್ದು ಹೋಗಲಿಲ್ಲ.

"ಕೇಳಲ್ಯಾ?" ಎಂದೆ. "ಹ್ಯಾಂಗಿದ್ದೀಯೋ ಕೌಶಿಕಾ?"

ಬೀದಿಯ ಕಡೆ ನೋಡುತ್ತ ಕೂತಿದ್ದ. "ಛಲೋ ಇಲ್ಲಪ್ಪಾ" ಎಂದ.

ಅಷ್ಟರಲ್ಲಿ ಮಡಿವಾಳೆಪ್ಪ ಸೌತೆ ಬೀಜ ಕೇಳಿಕೊಂಡು ಬಂದ. ಸಂಜೆಗೆ ಬಾ ಎಂದು ಕಳಿಸಿದೆ. ಅರ್ಧ ಬಾಗಿಲು ಎಳೆದು, ಮಗನ ಪಕ್ಕದಲ್ಲಿ ಅದೇ ಚೀಲದ ಮೇಲೆ ಕೂತೆ.

ನಿನ್ನ ಕಾಕಾ,
ಪಾಂಡುರಂಗ